ಮನೆಗೆಲಸವನ್ನು ಕಿಲೋಮೀಟರಿನಲ್ಲಿ ಅಳೆದ ಊರು

ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನಲ್ಲಿ ಪುರ ಅಂತ ಒಂದು ಸಣ್ಣ ಊರಿದೆ. 1977ರಲ್ಲಿ ಅಲ್ಲಿ ಇದ್ದದ್ದು 56 ಮನೆ, 357 ಜನ. ಈ ಊರಿನ ಹೆಸರು ದೇಶ ವಿದೇಶದ ವಿಜ್ಞಾನಿಗಳ ಬರಹಗಳಲ್ಲಿ ಬಂತು. ಕಾರಣ ಒಲೆ, ಸೌದೆ ಮತ್ತು ನೀರಿನ ಬಿಂದಿಗೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ಹಿರಿಯರು ಟಾಟಾ ಇನ್‌ಸ್ಟಿಟ್ಯೂಟ್ ಅನ್ನುವ ಜಾಗದಲ್ಲಿ, 1974ರಲ್ಲಿ 'ಅಸ್ತ್ರ' ಎಂಬ ವಿಭಾಗ ಶುರುವಾಯಿತು. ಹಳ್ಳಿಗೆ ಬೇಕಾದ ವಿಜ್ಞಾನ ಮಾಡುವುದು ಅದರ ಕೆಲಸ. ಮುಂದೆ ನಿಂತವರು ಪ್ರೊ. ಅಮೂಲ್ಯ ರೆಡ್ಡಿ. ಹಳ್ಳಿಗೆ ಏನಾದರೂ ಮಾಡುವ ಮೊದಲು, ಹಳ್ಳಿಯಲ್ಲಿ ಶಕ್ತಿ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಅಂತ ತಿಳಿಯೋಣ ಎಂದು ಅವರು ಕುಣಿಗಲ್ ಸೀಮೆಯ ಆರು ಊರು ಆರಿಸಿಕೊಂಡರು. ಅದರಲ್ಲಿ ಪುರವೂ ಒಂದು.

ಶಕ್ತಿ ಅಂದರೆ ಕರೆಂಟು, ಡೀಸೆಲ್, ಸೀಮೆಎಣ್ಣೆ ಅಂತ ನಾವು ಅಂದುಕೊಳ್ಳುತ್ತೇವೆ. ಅವರು ಎತ್ತಿನ ದುಡಿಮೆಯನ್ನೂ ಲೆಕ್ಕ ಹಾಕಿದರು, ಮನುಷ್ಯರ ದುಡಿಮೆಯನ್ನೂ ಹಾಕಿದರು. ಮನುಷ್ಯರ ದುಡಿಮೆ ಅಂದ ಮೇಲೆ ಹೊಲದ್ದು ಮಾತ್ರ ಅಲ್ಲ, ಮನೆಯದ್ದೂ ಸೇರಿತು. ಅಲ್ಲಿಯವರೆಗೆ ನಮ್ಮ ಕಡೆ ಯಾವ ಸರ್ಕಾರಿ ರಿಜಿಸ್ಟರೂ ಹೆಂಗಸಿನ ಬೆಳಗಿನಿಂದ ರಾತ್ರಿವರೆಗಿನ ಕೆಲಸವನ್ನು ಹೀಗೆ ಕೂತು ಎಣಿಸಿರಲಿಲ್ಲ ಅನ್ನಬೇಕು.

ಲೆಕ್ಕ ಹೀಗೆ ಬಂತು. ಸೌದೆ ತರಲು ಒಂದು ಮನೆಗೆ ದಿನಕ್ಕೆ ಸರಾಸರಿ 2.6 ಗಂಟೆ, ನಡಿಗೆ 4.8 ಕಿಲೋಮೀಟರ್. ನೀರು ತರಲು 1.5 ಗಂಟೆ, 1.6 ಕಿಲೋಮೀಟರ್. ಎರಡೂ ಸೇರಿದರೆ ನಾಲ್ಕು ಗಂಟೆ ದಾಟಿತು, ಒಲೆ ಇನ್ನೂ ಹಚ್ಚಿಲ್ಲ. ಸೌದೆಯ ನಡಿಗೆಯನ್ನು ತಿಂಗಳಿಗೆ ಕೂಡಿದರೆ 144 ಕಿಲೋಮೀಟರ್, ಹೆಚ್ಚುಕಡಿಮೆ ಕುಣಿಗಲ್‌ನಿಂದ ಬೆಂಗಳೂರಿಗೆ ಹೋಗಿ ಬಂದಷ್ಟು. ಸೌದೆಗೆ ಗಂಡಸರೂ ಮಕ್ಕಳೂ ಹೋಗುತ್ತಿದ್ದರು. ನೀರು ಮಾತ್ರ ಬಹುಪಾಲು ಹೆಂಗಸರ ತಲೆಯ ಮೇಲೇ.

ಇಡೀ ಊರಿನ ಮನುಷ್ಯರ ದುಡಿಮೆಯನ್ನು ನೂರು ಪಾಲು ಮಾಡಿದಾಗ ಹೆಂಗಸರದ್ದು 53, ಗಂಡಸರದ್ದು 31, ಮಕ್ಕಳದ್ದು 16. ಇದು ಹೊಲ, ಮನೆ, ದನಕರು ಎಲ್ಲ ಸೇರಿದ ಲೆಕ್ಕ. ಅರ್ಧಕ್ಕಿಂತ ಹೆಚ್ಚು ಹೆಂಗಸರದ್ದು!

ಈಗ ಅದೇ ಕಾಲದ ಜನಗಣತಿ ನೋಡಿ. 1981ರ ಗಣತಿಯಲ್ಲಿ ಜನರನ್ನು ಮುಖ್ಯ ದುಡಿಮೆಗಾರರು, ಅಲ್ಪಾವಧಿ ದುಡಿಮೆಗಾರರು, ದುಡಿಯದವರು ಎಂದು ಭಾಗ ಮಾಡಿದರು. ವರ್ಷದಲ್ಲಿ ಆರು ತಿಂಗಳಿಗಿಂತ ಹೆಚ್ಚು ದುಡಿದವರು ಮುಖ್ಯ ದುಡಿಮೆಗಾರರು. ಮನೆಗೆಲಸ ಮಾತ್ರ ಮಾಡುವ ಹೆಂಗಸು? ಅವಳು ದುಡಿಯದವರ ಪಟ್ಟಿಗೆ. ಸೌದೆ ಹೊತ್ತರೂ, ನೀರು ಹೊತ್ತರೂ, ರಾಗಿ ಬೀಸಿದರೂ ಅಷ್ಟೇ. ವಿಜ್ಞಾನಿಗಳ ಪುಸ್ತಕದಲ್ಲಿ ಊರಿನ ಅರ್ಧಕ್ಕೂ ಹೆಚ್ಚು ದುಡಿಮೆ ಹೊತ್ತವಳು ಸರ್ಕಾರದ ಪುಸ್ತಕದಲ್ಲಿ ಖಾಲಿ ಕೂತವಳಾದಳು.

ಹಿಂದೆಯೂ ಹೀಗೇ ಇತ್ತೇ ಅಂತ ಕೇಳಿದರೆ, ಒಂದು ವಿಷಯ ಹೇಳಬೇಕು. ಹನ್ನೆರಡನೇ ಶತಮಾನದ ಶರಣೆಯರಲ್ಲಿ ಕೊಟ್ಟಣದ ಸೋಮಮ್ಮ ಇದ್ದಾಳೆ, ಕದಿರೆ ರೆಮ್ಮವ್ವೆ ಇದ್ದಾಳೆ. ಕೊಟ್ಟಣ ಅಂದರೆ ಭತ್ತ ಕುಟ್ಟುವ ಕೆಲಸ, ಕದಿರು ಅಂದರೆ ನೂಲು ತೆಗೆಯುವ ಸಾಧನ. ಹೆಸರಿನ ಮುಂದೆಯೇ ಕೆಲಸ ಕೂತಿದೆ. ಅವರ ಕಾಲದಲ್ಲಿ ಹೆಂಗಸರ ಹೊರೆ ಹಗುರ ಇತ್ತು ಅಂತ ನಾವು ಹೇಳುತ್ತಿಲ್ಲ. ಆದರೆ ಒನಕೆ ಹಿಡಿದವಳ ಕೆಲಸಕ್ಕೆ 'ಕೆಲಸ' ಅನ್ನುವ ಹೆಸರಾದರೂ ಇತ್ತು.

ಬೀಸುವ ಕಲ್ಲಿನ ಮುಂದೆ ಹುಟ್ಟಿದ ಪದಗಳನ್ನೂ ಇಲ್ಲೇ ನೆನೆಯಬೇಕು. ಹೊತ್ತು ಹುಟ್ಟುವ ಮುಂಚೆ ಎದ್ದು, ಇಬ್ಬರು ಎದುರುಬದುರು ಕೂತು, ಒಂದೇ ಗೂಟ ಹಿಡಿದು ತಿರುಗಿಸುತ್ತಾ ಹಾಡಿದ ತ್ರಿಪದಿಗಳವು. 1931ರಲ್ಲಿ ವಿಜಯಪುರ ಸೀಮೆಯ ಹಲಸಂಗಿಯ ಗೆಳೆಯರು ಅಂಥ ಪದಗಳನ್ನು ಸೇರಿಸಿ 'ಗರತಿಯ ಹಾಡು' ಅಂತ ಅಚ್ಚು ಹಾಕಿಸಿದರು. ಸಾಹಿತ್ಯದವರು ಹಾಡು ಚೆನ್ನ ಅಂದರು, ಅದು ಸರಿಯೇ. ಹಾಡು ಯಾಕೆ ಅಷ್ಟು ಉದ್ದ ಬೆಳೆಯಿತು ಅಂದರೆ, ಬೀಸುವುದು ಅಷ್ಟು ಹೊತ್ತು ಹಿಡಿಯುತ್ತಿತ್ತು! ಹಿಟ್ಟಿನ ಗಿರಣಿ ಬಂದ ಊರಲ್ಲಿ ತೋಳುನೋವೂ ಹೋಯಿತು, ಪದವೂ ಹೋಯಿತು. ಪದ ಹೋಯಿತಲ್ಲ ಅಂತ ಮರುಗುವವರು ಒಂದು ಸೇರು ರಾಗಿ ಬೀಸಿ ನೋಡಲಿ. 1977ರ ಹೊತ್ತಿಗೆ ಪುರದಲ್ಲೂ ಒಂದು ಗಿರಣಿ ಇತ್ತು.

ಮತ್ತೆ ಪುರಕ್ಕೆ ಬರೋಣ. ಲೆಕ್ಕ ಮುಗಿದ ಮೇಲೆ ವಿಜ್ಞಾನಿಗಳು ಸುಮ್ಮನೆ ಕೂರಲಿಲ್ಲ. ಒಂದು ಕಡೆ 'ಅಸ್ತ್ರ ಒಲೆ' ಬಂತು. ಮೂರು ಪಾತ್ರೆ ಒಟ್ಟಿಗೆ ಕೂರುವ, ಹೊಗೆ ಕೊಳವೆಯಲ್ಲಿ ಮೇಲೆ ಹೋಗುವ, ಸೌದೆ ಕಡಿಮೆ ಕೇಳುವ ಮಣ್ಣಿನ ಒಲೆ. ನಮ್ಮ ಎಷ್ಟೋ ಊರಿನ ಹಳೆ ಅಡುಗೆಮನೆಗಳಲ್ಲಿ ಅದರ ಕೊಳವೆ ಇನ್ನೂ ಕಾಣುತ್ತದೆ. ಇನ್ನೊಂದು ಕಡೆ ಊರಿಗೆಲ್ಲ ಸೇರಿ ಒಂದು ಗೋಬರ್ ಗ್ಯಾಸ್ ಸ್ಥಾವರ. ಮೊದಲ ಯೋಚನೆ ಮನೆಮನೆಗೆ ಅಡುಗೆ ಗ್ಯಾಸ್ ಕೊಡುವುದು. ಅದು ನಡೆಯಲಿಲ್ಲ. ಎಲ್ಲರ ಒಲೆಗೆ ಸಾಲುವಷ್ಟು ಸಗಣಿ ಊರಿನ ದನಗಳಿಂದ ಸಿಗಲಿಲ್ಲ.

1987ರಲ್ಲಿ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ ಕರೆಂಟು ಮಾಡಿದರು. ಆ ಕರೆಂಟಿನಿಂದ ಕೊಳವೆಬಾವಿಯ ನೀರು ನಲ್ಲಿಗೆ, ದೀಪ ಮನೆಗೆ ಬಂತು. ಮೊದಲು ಬೇಕಾದದ್ದು ನೀರು ಅನ್ನುವುದು ಬಿಂದಿಗೆ ಹೊತ್ತವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಸಗಣಿ ತಂದು ಹಾಕಿ, ಗ್ಯಾಸ್ ಬಿಟ್ಟ ಗೊಬ್ಬರ ವಾಪಸು ಒಯ್ದವರಿಗೆ ತೂಕದ ಮೇಲೆ ಕಾಸು ಕೊಡುವ ಏರ್ಪಾಡೂ ಇತ್ತು. ಆ ಕಾಸು ಹೆಚ್ಚಾಗಿ ಹೋದದ್ದು ಹೆಂಗಸರ, ಮಕ್ಕಳ ಕೈಗೆ. ಕೊಟ್ಟಿಗೆ ಬಾಚುವುದು ಅವರು ದಿನಾ ಮಾಡುತ್ತಿದ್ದ ಕೆಲಸವೇ. ತೂಕ ಹಾಕುವವರು ಬಂದ ಮೇಲೆ ಅದಕ್ಕೆ ಬೆಲೆ ಬಂತು.

ಸರ್ಕಾರದ ಲೆಕ್ಕ ನಿಧಾನಕ್ಕೆ ಬದಲಾಗುತ್ತಾ ಬಂದಿದೆ. 1991ರ ಗಣತಿಯಲ್ಲಿ ಕೆಲಸದ ಪ್ರಶ್ನೆಗೆ, ಕೂಲಿ ಇಲ್ಲದೆ ಸ್ವಂತ ಹೊಲದಲ್ಲಿ ಅಥವಾ ಮನೆಯ ಉದ್ಯಮದಲ್ಲಿ ಮಾಡಿದ ಕೆಲಸವೂ ಸೇರಿದೆ ಎಂಬ ಮಾತು ಸೇರಿಸಿದರು. ಮನೆಗೆಲಸ ಆಗಲೂ ಹೊರಗೇ ಉಳಿಯಿತು. 2010ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ ಗೃಹಿಣಿಯೊಬ್ಬರ ಪರಿಹಾರದ ಕೇಸು ಸುಪ್ರೀಂ ಕೋರ್ಟಿಗೆ ಬಂತು. ಎರಡೂವರೆ ಲಕ್ಷ ಇದ್ದ ಪರಿಹಾರವನ್ನು ಕೋರ್ಟು ಆರು ಲಕ್ಷಕ್ಕೆ ಏರಿಸಿತು. ಗಣತಿಯಲ್ಲಿ ಮನೆಗೆಲಸದ ಹೆಂಗಸರನ್ನು ಭಿಕ್ಷುಕರು, ಕೈದಿಗಳ ಜೊತೆ ಒಂದೇ ಗುಂಪಿಗೆ ಹಾಕಿದ್ದನ್ನು ನ್ಯಾಯಮೂರ್ತಿಗಳು ತೀರ್ಪಿನಲ್ಲೇ ಖಂಡಿಸಿದರು. ಒಬ್ಬ ಹೆಂಗಸು ಸತ್ತ ಮೇಲೆ ಅವಳು ಮಾಡುತ್ತಿದ್ದದ್ದು ಕೆಲಸ ಅಂತ ಬರೆಯಬೇಕಾಗಿ ಬಂತು.

ಕೇಂದ್ರ ಸರ್ಕಾರ 2019ರಲ್ಲಿ ದೇಶವೆಲ್ಲ ಸಮಯದ ಸಮೀಕ್ಷೆ ಮಾಡಿಸಿತು. ಕೂಲಿ ಇಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ ಕೊಡುತ್ತಿದ್ದರು. 2024ರಲ್ಲಿ ಮತ್ತೆ ಕೇಳಿದಾಗ ಹೆಂಗಸರದ್ದು 289, ಗಂಡಸರದ್ದು 88. ಮಿಕ್ಸಿ, ಗ್ಯಾಸು, ನಲ್ಲಿ ಎಲ್ಲ ಬಂದ ಐದು ವರ್ಷದಲ್ಲಿ ಹೆಂಗಸರಿಗೆ ಹತ್ತು ನಿಮಿಷ ಉಳಿಯಿತು. ಗಂಡಸರಿಗೂ ಒಂಬತ್ತು ನಿಮಿಷ ಉಳಿದಿದೆ, ಅದು ಯಾವ ಯಂತ್ರದಿಂದ ಅಂತ ಅವರನ್ನೇ ಕೇಳಬೇಕು.

ನಮ್ಮ ರಾಜ್ಯದಲ್ಲಿ 2023ರ ಆಗಸ್ಟ್ 30ರಂದು ಗೃಹಲಕ್ಷ್ಮಿ ಶುರುವಾಯಿತು. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ಇದನ್ನು ಸಂಬಳ ಅಂತ ಸರ್ಕಾರ ಕರೆದಿಲ್ಲ, ನಾವೂ ಕರೆಯುವುದಿಲ್ಲ. ಸುಮ್ಮನೆ ಕುತೂಹಲಕ್ಕೆ 289 ನಿಮಿಷದ ಲೆಕ್ಕದಲ್ಲಿ ಭಾಗಿಸಿ ನೋಡಿದೆವು: ಗಂಟೆಗೆ 13 ರೂಪಾಯಿ ಚಿಲ್ಲರೆ ಬರುತ್ತದೆ.

ಮುಂದಿನ ಜನಗಣತಿ 2027ಕ್ಕೆ. ಗಣತಿಯವರು ಬಾಗಿಲಿಗೆ ಬಂದಾಗ ನಮ್ಮ ಊರುಗಳಲ್ಲಿ ಸಾಮಾನ್ಯವಾಗಿ ಉತ್ತರ ಹೇಳುವುದು ಗಂಡಸರು. "ನಿಮ್ಮ ಮನೆಯವರು ಏನ್ ಕೆಲಸ ಮಾಡ್ತಾರೆ?" ಅಂದರೆ "ಏನಿಲ್ಲ, ಮನೇಲೇ ಇರ್ತಾಳೆ" ಅನ್ನುವುದು ರೂಢಿ. ಅವಳು ಸ್ವಂತ ಹೊಲದಲ್ಲಿ ಕಳೆ ಕೀಳುತ್ತಿದ್ದರೆ, ಹಸು ಕರೆದು ಡೇರಿಗೆ ಹಾಲು ಹಾಕುತ್ತಿದ್ದರೆ, ರೇಷ್ಮೆ ಹುಳಕ್ಕೆ ಸೊಪ್ಪು ಕೊಯ್ದು ಹಾಕುತ್ತಿದ್ದರೆ, ಅದು ಗಣತಿಯ ಲೆಕ್ಕದಲ್ಲೂ ಕೆಲಸವೇ. ವರ್ಷದಲ್ಲಿ ಎಷ್ಟು ತಿಂಗಳು ಅಂತಲೂ ಕೇಳುತ್ತಾರೆ. ಆ ಹೊತ್ತಿಗೆ ಅವಳು ಒಳಗೆ ಒಲೆ ಮುಂದೆ ಇದ್ದರೆ, ಹೊರಗೆ ಕರೆದು ಅವಳ ಬಾಯಿಂದಲೇ ಹೇಳಿಸಿ.