ಜೀಪಿನಲ್ಲಿ ಎಡಗಾಲಿನ ಪಾಡು

ಎರಡನೇ ಮಹಾಯುದ್ಧಕ್ಕೆಂದು 1941ರಲ್ಲಿ ಅಮೆರಿಕದ ವಿಲ್ಲಿಸ್ ಕಂಪನಿ ತಯಾರಿಸತೊಡಗಿದ ಜೀಪಿನಲ್ಲಿ ಚಾಲಕ ಎಡಬದಿಗೆ ಕೂರುತ್ತಿದ್ದ. ಕ್ಲಚ್ ತುಳಿಯುವ ಕಾಲು ಹೊರಮಗ್ಗುಲಿಗಿತ್ತು. ಮುಂದಿನ ಗಾಲಿಗಳಿಗೆ ಶಕ್ತಿ ಒಯ್ಯುವ ಯಂತ್ರಭಾಗ ಬಲಬದಿಯಲ್ಲಿತ್ತು.

1940ರ ದಶಕದ ಕೊನೆಗೆ ಮಹೀಂದ್ರ ಸಂಸ್ಥೆ ಈ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸತೊಡಗಿತು. ರಸ್ತೆಯ ಎಡಬದಿಗೆ ಓಡುವ ಭಾರತದ ವಾಹನಕ್ಕೆ ಸ್ಟೇರಿಂಗ್ ಬಲಕ್ಕಿರಬೇಕು. ಸ್ಟೇರಿಂಗ್ ಸರಿದರೂ ಪೆಡಲುಗಳ ಕ್ರಮ ಬದಲಾಗಲಿಲ್ಲ. ಕ್ಲಚ್ ಎಡಕ್ಕೇ ಉಳಿಯಿತು. ಹೀಗಾಗಿ ಚಾಲಕನ ಎಡಗಾಲು ಗೇರ್‌ಬಾಕ್ಸಿನ ಉಬ್ಬಿನ ಮಗ್ಗುಲಿಗೆ ಬಂತು. ಕಾಲು ಚಾಚಲು ಜಾಗವಿಲ್ಲ, ತಗಡಿನ ಕಾವು ಬೇರೆ.

ರಾಯಚೂರಿನ ಬಿಸಿಲಲ್ಲಿ ಈ ಕಾವು ಇಮ್ಮಡಿ. ಮಳೆ ಬಿದ್ದರೆ ದೇವದುರ್ಗ, ಮಾನ್ವಿ ಕಡೆಯ ಎರೆಮಣ್ಣಿನ ದಾರಿಯಲ್ಲಿ ಗಾಲಿ ಹೂತು, ಕ್ಲಚ್ ಮೇಲಿನ ಕಾಲಿಗೆ ಬಿಡುವೇ ಇಲ್ಲ. ಸರ್ಕಾರಿ ಜೀಪಿನ ಲಾಗ್‌ಬುಕ್ಕಿನಲ್ಲಿ ಓಡಿದ ದೂರಕ್ಕೆ ಲೆಕ್ಕವುಂಟು, ಚಾಲಕನ ಮೊಣಕಾಲಿನ ನೋವಿಗಿಲ್ಲ.