ಪ್ರಶಾಂತ್ ಕಿಶೋರ್

ಪ್ರಶಾಂತ್ ಕಿಶೋರ್ (ಜನನ 1977) ಭಾರತದಲ್ಲಿ ಚುನಾವಣಾ ತಂತ್ರಗಾರ ಹಾಗೂ ಪ್ರಚಾರ ಸಲಹೆಗಾರರಾಗಿದ್ದವರು. ಜನ ಸುರಾಜ್ ಪಕ್ಷದ ಸ್ಥಾಪಕ. ಬಿಹಾರದ ರೋಹ್ತಾಸ್ ಜಿಲ್ಲೆಯವರಾದ ಇವರು ವಿಶ್ವಸಂಸ್ಥೆಯ ನೆರವಿನ ಆರೋಗ್ಯ ಕಾರ್ಯಕ್ರಮಗಳಲ್ಲಿ ದುಡಿದು, 2011ರ ಸುಮಾರಿಗೆ ಗುಜರಾತಿನ ಅಂದಿನ ಮುಖ್ಯಮಂತ್ರಿ ನರೇಂದ್ರ ಮೋದಿಯವರ ಬಳಗ ಸೇರಿದರು. 2014ರ ಲೋಕಸಭಾ ಚುನಾವಣೆಯಲ್ಲಿ ಇವರ ತಂಡ ನಡೆಸಿದ ‘ಚಾಯ್ ಪೇ ಚರ್ಚಾ’ ಮತ್ತು ಹಾಲೋಗ್ರಾಂ ಸಭೆಗಳು ದೇಶದ ಗಮನ ಸೆಳೆದವು. ಆ ತಂಡದಿಂದಲೇ ಐ-ಪ್ಯಾಕ್ ಎಂಬ ಚುನಾವಣಾ ಸಲಹಾ ಸಂಸ್ಥೆ ರೂಪುಗೊಂಡಿತು. ಸಮೀಕ್ಷೆ, ಮತಗಟ್ಟೆವಾರು ಮಾಹಿತಿ, ಘೋಷಣೆ, ಜಾಲತಾಣ ಪ್ರಚಾರಗಳನ್ನು ಒಂದೇ ಕಡೆಯಿಂದ ನಿರ್ವಹಿಸುವುದನ್ನು ಇವರು ಪೂರ್ಣಾವಧಿ ವೃತ್ತಿಯಾಗಿಸಿದರು.

ಗೆಲುವುಗಳ ಸಾಲು ಇವರಿಗೆ ‘ಚುನಾವಣಾ ಚಾಣಕ್ಯ’ ಎಂಬ ಬಿರುದು ತಂದಿತಾದರೂ, ದಾಖಲೆಗಳನ್ನು ಒಟ್ಟಿಗೆ ನೋಡಿದರೆ ತಂತ್ರಗಾರನ ಶಕ್ತಿಯ ಮಿತಿಯೂ ಕಾಣುತ್ತದೆ. 2015ರಲ್ಲಿ ಇವರು ದುಡಿದ ಬಿಹಾರದ ಮಹಾಮೈತ್ರಿಕೂಟ 243ರಲ್ಲಿ 178 ಸ್ಥಾನ ಗೆದ್ದಿತು. ಹಿಂದಿನ ವರ್ಷ ಬೇರೆಬೇರೆಯಾಗಿ ಸ್ಪರ್ಧಿಸಿ ಸೋತಿದ್ದ ನಿತೀಶ್ ಕುಮಾರ್ ಮತ್ತು ಲಾಲು ಪ್ರಸಾದ್ ಒಂದಾದದ್ದೇ ಅದಕ್ಕೆ ಅಡಿಪಾಯ. 2017ರ ಮಾರ್ಚ್ 11ರ ಮತ ಎಣಿಕೆ ಇದಕ್ಕಿಂತ ನಿಚ್ಚಳ ಸಾಕ್ಷ್ಯ. ಕಾಂಗ್ರೆಸ್ಸಿಗೆ ಇವರು ದುಡಿದ ರಾಜ್ಯಗಳ ಪೈಕಿ ಪಂಜಾಬಿನಲ್ಲಿ ಪಕ್ಷ 117ರಲ್ಲಿ 77 ಸ್ಥಾನ ಪಡೆದರೆ, ಉತ್ತರ ಪ್ರದೇಶದಲ್ಲಿ ಏಳಕ್ಕೇ ನಿಂತಿತು. ಸಲಹೆಗಾರ ಒಬ್ಬನೇ, ಪಕ್ಷವೂ ಒಂದೇ. ಆದರೆ ಪಂಜಾಬಿನಲ್ಲಿ ಅಮರಿಂದರ್ ಸಿಂಗ್ ಅವರಂಥ ನೆಲೆಯೂರಿದ ನಾಯಕರಿದ್ದರು, ಅಲ್ಲಿ ಅಧಿಕಾರದಲ್ಲಿದ್ದವರ ಹತ್ತು ವರ್ಷಗಳ ಆಡಳಿತದ ಮೇಲೆ ಜನರ ಬೇಸರವಿತ್ತು; ಉತ್ತರ ಪ್ರದೇಶದ ಕಾಂಗ್ರೆಸ್ಸಿಗೆ ತಳಮಟ್ಟದ ಸಂಘಟನೆಯೇ ಉಳಿದಿರಲಿಲ್ಲ.

ಪಶ್ಚಿಮ ಬಂಗಾಳದ ಉದಾಹರಣೆ ಈ ವಾದಕ್ಕೆ ಎದುರಾಗಿ ನಿಲ್ಲುವಂತೆ ತೋರುತ್ತದೆ. 2019ರ ಲೋಕಸಭೆಯಲ್ಲಿ ಬಿಜೆಪಿಗೆ 18 ಸ್ಥಾನ ಬಿಟ್ಟುಕೊಟ್ಟಿದ್ದ ತೃಣಮೂಲ ಕಾಂಗ್ರೆಸ್, ಇವರ ನೆರವು ಪಡೆದ ಮೇಲೆ 2021ರ ವಿಧಾನಸಭಾ ಚುನಾವಣೆಯಲ್ಲಿ 213 ಸ್ಥಾನಗಳೊಂದಿಗೆ ಅಧಿಕಾರ ಉಳಿಸಿಕೊಂಡಿತು. ಬಿಜೆಪಿ ಎರಡಂಕಿ ದಾಟದೆಂದು ಇವರು ಮೊದಲೇ ಹೇಳಿದ್ದರು. ಅದಕ್ಕೆ ಸಿಕ್ಕಿದ್ದು 77. ಇಲ್ಲಿ ಇವರ ಪಾತ್ರವನ್ನು ಅಲ್ಲಗಳೆಯಲಾಗದು. ‘ದೀದಿ ಕೆ ಬೋಲೊ’ ಸಹಾಯವಾಣಿಯಂಥ ಕಾರ್ಯಕ್ರಮಗಳು ಸ್ಥಳೀಯ ಮುಖಂಡರು ಮುಚ್ಚಿಡಬಹುದಾದ ದೂರುಗಳನ್ನು ನೇರವಾಗಿ ನಾಯಕಿಗೆ ಮುಟ್ಟಿಸಿದವು. ಆದರೆ ಆ ದೂರುಗಳಿಗೆ ಪರಿಹಾರ ಕೊಡಲು ಆ ನಾಯಕಿ ಮಮತಾ ಬ್ಯಾನರ್ಜಿಯವರ ಕೈಯಲ್ಲಿ ಸರ್ಕಾರವಿತ್ತು, ಮತ ತರಲು ಊರೂರಿನಲ್ಲಿ ಕಾರ್ಯಕರ್ತರಿದ್ದರು.

ಗೆಲ್ಲುವವರನ್ನೇ ಇವರು ಆರಿಸಿಕೊಂಡರೆಂಬ ಟೀಕೆಯೂ ಇದೆ. ಉತ್ತರ ಪ್ರದೇಶದ ಸೋಲು ಅದನ್ನು ಪೂರ್ತಿ ಒಪ್ಪಲು ಬಿಡುವುದಿಲ್ಲ. 2021ರಲ್ಲಿ ವೃತ್ತಿ ತೊರೆದ ಕಿಶೋರ್ ಮರುವರ್ಷ ಚಂಪಾರಣ್‌ನಿಂದ ಪಾದಯಾತ್ರೆ ಹೊರಟು, 2024ರ ಅಕ್ಟೋಬರ್ 2ರಂದು ಪಕ್ಷ ಕಟ್ಟಿದರು. 2025ರ ಬಿಹಾರ ವಿಧಾನಸಭಾ ಚುನಾವಣೆಯಲ್ಲಿ ಅದು ಒಂದೂ ಸ್ಥಾನ ಗೆಲ್ಲಲಿಲ್ಲ. ಹೊಸ ಪಕ್ಷಕ್ಕೆ ಮೊದಲ ಚುನಾವಣೆ ಕಠಿಣವೇ. ಇದೊಂದರಿಂದಲೇ ಇವರ ಕೌಶಲವನ್ನು ಅಳೆಯಲಾಗದು. ಆದರೂ ಇತರರ ಪ್ರಚಾರದಲ್ಲಿ ಫಲ ಕೊಟ್ಟ ಮಾಹಿತಿ ಮತ್ತು ಮಾತುಗಾರಿಕೆ, ಪಕ್ಷನಿಷ್ಠೆ, ಜಾತಿಬಲ, ಸಂಘಟನೆಗಳ ಜಾಗವನ್ನು ತುಂಬಲಾರವು ಎಂಬುದನ್ನು ಇವರ ವೃತ್ತಿಜೀವನವೇ ಸ್ಪಷ್ಟಪಡಿಸುತ್ತದೆ.