ಸೇವಾ ಅರ್ಜಿಗಳ ವಿಲೇವಾರಿ: ಕಾಲಮಿತಿಯ ಅಳತೆ ಮತ್ತು ವರದಿ
(ತಿಪಟೂರು, ತುರುವೇಕೆರೆ ಹಾಗೂ ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಅರ್ಜಿದಾರರ ಮಾಹಿತಿಗಾಗಿ)

ಸಾರ್ವಜನಿಕ ಸೇವೆಗಳನ್ನು ನಿಗದಿತ ಅವಧಿಯೊಳಗೆ ಪಡೆಯುವುದು ರಾಜ್ಯದ ನಾಗರಿಕರ ಹಕ್ಕಾಗಿರುತ್ತದೆ. ಈ ಸಂಬಂಧ 2011ರಲ್ಲಿ ನಾಗರಿಕರಿಗೆ ಸೇವೆಗಳ ಖಾತರಿ ಅಧಿನಿಯಮವನ್ನು ರೂಪಿಸಲಾಯಿತು. ಇದನ್ನು ಈಗ ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ ಎಂದು ಕರೆಯಲಾಗುತ್ತದೆ. 2012ರ ಮಾರ್ಚ್ ತಿಂಗಳಿನಲ್ಲಿ ಔರಾದ್, ಚಿತ್ರದುರ್ಗ, ಧಾರವಾಡ ಮತ್ತು ಪುತ್ತೂರು ತಾಲ್ಲೂಕುಗಳಲ್ಲಿ ಪ್ರಾಯೋಗಿಕವಾಗಿ ಆರಂಭಗೊಂಡ ಈ ವ್ಯವಸ್ಥೆಯನ್ನು ಅದೇ ವರ್ಷದ ಏಪ್ರಿಲ್ 2ರಿಂದ 11 ಇಲಾಖೆಗಳ 151 ಸೇವೆಗಳೊಂದಿಗೆ ರಾಜ್ಯದಾದ್ಯಂತ ಜಾರಿಗೆ ತರಲಾಯಿತು. ತರುವಾಯ ಸೇವೆಗಳ ಸಂಖ್ಯೆಯನ್ನು ಹಲವು ಬಾರಿ ಹೆಚ್ಚಿಸಲಾಗಿದೆ.

ಸಕಾಲವು ಒಂದು ಅಳತೆಯ ವ್ಯವಸ್ಥೆಯೂ ಆಗಿದೆ. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು ಸಿದ್ಧಪಡಿಸಿದ ತಂತ್ರಾಂಶದಲ್ಲಿ ಪ್ರತಿ ಅರ್ಜಿಯ ಸ್ವೀಕೃತಿ ದಿನಾಂಕ ಹಾಗೂ ವಿಲೇವಾರಿ ದಿನಾಂಕ ದಾಖಲಾಗುತ್ತವೆ. ಇವೆರಡರ ಅಂತರವನ್ನು ಆಯಾ ಸೇವೆಗೆ ಗೊತ್ತುಪಡಿಸಿದ ಕಾಲಮಿತಿಯೊಂದಿಗೆ ಹೋಲಿಸಿ ಕಚೇರಿವಾರು, ತಾಲ್ಲೂಕುವಾರು ಮತ್ತು ಜಿಲ್ಲಾವಾರು ವರದಿಗಳನ್ನು ತಯಾರಿಸಲಾಗುತ್ತದೆ.

ಸ್ವೀಕೃತಿ ಸಂಖ್ಯೆಯ ಮಹತ್ವ

ಅರ್ಜಿ ಸಲ್ಲಿಸಿದಾಗ ನೀಡಲಾಗುವ ಸ್ವೀಕೃತಿ ಪತ್ರದಲ್ಲಿ 15 ಸ್ಥಾನಗಳ ಜಿ.ಎಸ್.ಸಿ. ಸಂಖ್ಯೆ ಇರುತ್ತದೆ. ಅಳತೆಯು ಆರಂಭವಾಗುವುದು ಈ ಸಂಖ್ಯೆಯಿಂದಲೇ. ಕೈಬರಹದ ಅರ್ಜಿಯನ್ನು ಮೇಜಿನ ಮೇಲಿಟ್ಟು "ಮುಂದಿನ ವಾರ ಬನ್ನಿ" ಎಂಬ ಮಾತನ್ನು ನಂಬಿ ಮರಳಿದ ಅರ್ಜಿದಾರರ ಅರ್ಜಿಯು ಯಾವ ವರದಿಯಲ್ಲಿಯೂ ಕಾಣಿಸುವುದಿಲ್ಲ. ಆ ಅರ್ಜಿ ವಿಳಂಬವಾಯಿತೆಂದು ತಂತ್ರಾಂಶಕ್ಕೆ ತಿಳಿಯುವ ಮಾರ್ಗವೂ ಇಲ್ಲ. ಹೀಗಿರುವುದರಿಂದ ವಿಳಂಬದ ಕುರಿತಾದ ದೂರುಗಳಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ, ಸಂಖ್ಯೆ ದೊರೆತಿದೆಯೇ ಎಂಬುದಾಗಿದೆ. ದಾಖಲೆಗಳು ಕೊರತೆಯಿದ್ದಲ್ಲಿ ಯಾವ ದಾಖಲೆ ಬೇಕೆಂಬುದನ್ನು ಬರವಣಿಗೆಯಲ್ಲಿಯೇ ಕೇಳಿ ಪಡೆಯುವುದು ಸೂಕ್ತ.

ಇದರ ಪರಿಣಾಮವು ತೆಂಗು ಬೆಳೆಯುವ ಈ ಮೂರು ತಾಲ್ಲೂಕುಗಳಲ್ಲಿ ನೇರವಾಗಿ ಕಂಡುಬರುತ್ತದೆ. ಬೆಂಬಲ ಬೆಲೆ ಯೋಜನೆಯಡಿ ಕೊಬ್ಬರಿ ಮಾರಾಟಕ್ಕೆ ನೋಂದಾಯಿಸಲು ರೈತರ ಫ್ರೂಟ್ಸ್ ಗುರುತಿನ ಸಂಖ್ಯೆ ಅಗತ್ಯ. ಅದಕ್ಕೆ ಪಹಣಿಯು ರೈತರ ಹೆಸರಿನಲ್ಲಿರಬೇಕು ಮತ್ತು ಬೆಳೆ ವಿವರದಲ್ಲಿ ತೆಂಗು ನಮೂದಾಗಿರಬೇಕು. ತೋಟವು ಇನ್ನೂ ಮೃತ ತಂದೆಯವರ ಹೆಸರಿನಲ್ಲಿಯೇ ಇದ್ದಲ್ಲಿ ಪೌತಿ ಖಾತೆ ಆಗುವವರೆಗೆ ಮಕ್ಕಳು ತಮ್ಮ ಹೆಸರಿನಲ್ಲಿ ನೋಂದಾಯಿಸುವುದು ಸಾಧ್ಯವಾಗದು. 2024ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆಯು ಕ್ವಿಂಟಲಿಗೆ 12,000 ರೂಪಾಯಿ ಇದ್ದಾಗ ನೋಂದಣಿ ಕೇಂದ್ರಗಳ ಮುಂದೆ ಉದ್ದನೆಯ ಸರತಿ ಸಾಲುಗಳಿದ್ದವು. ದೂರುಗಳು ಬಂದ ನಂತರ ಮೊದಲ ನೋಂದಣಿಯನ್ನು ರದ್ದುಪಡಿಸಿ ಮರುನೋಂದಣಿ ನಡೆಸಬೇಕಾಯಿತು. ಇಂತಹ ಸಂದರ್ಭದಲ್ಲಿ ಹಕ್ಕು ಬದಲಾವಣೆಯ ಅರ್ಜಿಯೊಂದು ಕೆಲವು ದಿನ ತಡವಾದರೂ ಕುಟುಂಬವೊಂದು ಇಡೀ ಹಂಗಾಮಿನ ಬೆಂಬಲ ಬೆಲೆಯನ್ನು ಕಳೆದುಕೊಳ್ಳಬಹುದು. ಹಕ್ಕು ಬದಲಾವಣೆಯಲ್ಲಿ ಆಕ್ಷೇಪಣೆಗೆ ಕಾನೂನಿನಂತೆ ಕಾಲಾವಕಾಶ ನೀಡಬೇಕಾಗಿರುವುದರಿಂದ, ನೋಂದಣಿ ಪ್ರಕಟಣೆಯಾದ ಮೇಲೆ ಅರ್ಜಿ ಸಲ್ಲಿಸಿದರೆ ಸಾಮಾನ್ಯವಾಗಿ ಸಮಯ ಸಾಲದು.

ಸರತಿಯ ಅಳತೆ

ಸರತಿಯನ್ನು ಶಾಸ್ತ್ರೀಯವಾಗಿ ಅಳೆಯುವ ಕ್ರಮವು ದೂರವಾಣಿ ಕ್ಷೇತ್ರದಿಂದ ಬಂದುದಾಗಿದೆ. ಡೆನ್ಮಾರ್ಕಿನ ಕೋಪನ್‌ಹೇಗನ್ ದೂರವಾಣಿ ಕಂಪನಿಯಲ್ಲಿದ್ದ ಗಣಿತಜ್ಞ ಎ.ಕೆ. ಎರ್ಲಾಂಗ್ (1878–1929) ಅವರು ಕರೆಗಳ ಸಂಖ್ಯೆ, ಅವುಗಳ ಅವಧಿ ಮತ್ತು ತಂತಿಗಳ ಲಭ್ಯತೆ ಇವುಗಳ ಸಂಬಂಧವನ್ನು 1909ರಿಂದ ಪ್ರಕಟಿಸಿದ ಲೇಖನಗಳಲ್ಲಿ ನಿರೂಪಿಸಿದರು. ದೂರವಾಣಿ ದಟ್ಟಣೆಯ ಮಾನಕ್ಕೆ ಅವರದೇ ಹೆಸರಿದೆ. 1986ರಲ್ಲಿ ಸ್ವೀಡನ್ನಿನ ಎರಿಕ್ಸನ್ ಸಂಸ್ಥೆಯಲ್ಲಿ ರೂಪುಗೊಳ್ಳತೊಡಗಿ, 1998ರಲ್ಲಿ ಮುಕ್ತವಾಗಿ ಬಿಡುಗಡೆಯಾದ ಗಣಕ ಭಾಷೆಯೊಂದನ್ನೂ ಎರ್ಲಾಂಗ್ ಎಂದೇ ಕರೆಯಲಾಗುತ್ತದೆ. ಆ ಭಾಷೆಯ ತಂತ್ರಾಂಶದಲ್ಲಿ ಸಾವಿರಾರು ಸಣ್ಣ ಕಾರ್ಯಘಟಕಗಳಿದ್ದು, ಪ್ರತಿಯೊಂದಕ್ಕೂ ಸ್ವಂತ ಅಂಚೆಪೆಟ್ಟಿಗೆ ಇರುತ್ತದೆ. ಪೆಟ್ಟಿಗೆಯಲ್ಲಿ ಎಷ್ಟು ಸಂದೇಶಗಳು ಕಾಯುತ್ತಿವೆ ಎಂಬುದನ್ನು ಯಾವುದೇ ಕ್ಷಣದಲ್ಲಿ ಓದಬಹುದು. ಆ ಸಂಖ್ಯೆ ಇಳಿಯದೆ ಏರುತ್ತಲೇ ಹೋದರೆ, ಗ್ರಾಹಕರಿಗೆ ತೊಂದರೆ ತಿಳಿಯುವ ಮೊದಲೇ ನಿರ್ವಾಹಕರಿಗೆ ಎಚ್ಚರಿಕೆ ದೊರೆಯುತ್ತದೆ. ಸಕಾಲದ ತಂತ್ರಾಂಶವು ಈ ಭಾಷೆಯಲ್ಲಿದೆ ಎಂದು ಇದರ ಅರ್ಥವಲ್ಲ. ಆದರೆ ಹೊನ್ನವಳ್ಳಿ, ದಂಡಿನಶಿವರ ಅಥವಾ ಹುಳಿಯಾರು ನಾಡಕಚೇರಿಯಲ್ಲಿ ಒಬ್ಬ ಅಧಿಕಾರಿಯ ಮುಂದಿರುವ ಬಾಕಿ ಅರ್ಜಿಗಳನ್ನೂ ಇದೇ ರೀತಿ ಓದಬಹುದಾಗಿದೆ.

ಲೆಕ್ಕವು ಸರಳವಾದುದು. ದಿನಕ್ಕೆ 40 ಅರ್ಜಿಗಳು ಬರುತ್ತವೆ, ಪ್ರತಿ ಅರ್ಜಿಗೆ ಸರಾಸರಿ 10 ದಿನ ಹಿಡಿಯುತ್ತದೆ ಎಂದಿಟ್ಟುಕೊಂಡರೆ ಯಾವುದೇ ದಿನ ಸುಮಾರು 400 ಅರ್ಜಿಗಳು ಬಾಕಿ ಇರುತ್ತವೆ. ಇದು ಅದಕ್ಷತೆಯ ಲಕ್ಷಣವಲ್ಲ. ಬರುವ ಅರ್ಜಿಗಳ ಸಂಖ್ಯೆ ಹೆಚ್ಚದಿದ್ದರೂ ಬಾಕಿಯು 600ಕ್ಕೆ ಏರಿದಲ್ಲಿ ಮಾತ್ರ ಕಾಯುವ ಅವಧಿಯು 15 ದಿನಗಳತ್ತ ಸಾಗಿದೆ ಎಂದು ತಿಳಿಯತಕ್ಕದ್ದು. ವಿದ್ಯಾರ್ಥಿ ವೇತನಕ್ಕಾಗಿ ಜಾತಿ ಮತ್ತು ಆದಾಯ ಪ್ರಮಾಣ ಪತ್ರಗಳ ಅರ್ಜಿಗಳು ಒಮ್ಮೆಲೇ ಬರುವ ಶಾಲಾ ಆರಂಭದ ತಿಂಗಳುಗಳನ್ನು ಬೇರೆ ತಿಂಗಳುಗಳೊಂದಿಗೆ ಹೋಲಿಸುವುದು ಸರಿಯಲ್ಲ.

ವರದಿಗಳನ್ನು ಓದುವ ಕ್ರಮ

ಸರಾಸರಿ ಎಂಬುದು ಅರ್ಜಿದಾರರನ್ನು ದಾರಿತಪ್ಪಿಸುವ ಅಂಕಿಯಾಗಿದೆ. ಹತ್ತು ಅರ್ಜಿಗಳಲ್ಲಿ ಒಂಬತ್ತು ತಲಾ 2 ದಿನಗಳಲ್ಲಿ, ಉಳಿದ ಒಂದು 42 ದಿನಗಳಲ್ಲಿ ಮುಗಿದರೆ ಸರಾಸರಿಯು ಕೇವಲ 6 ದಿನ. ಕಾಲಮಿತಿಯು 21 ದಿನವಾಗಿದ್ದಲ್ಲಿ ಶೇಕಡಾ 90 ಸಕಾಲಿಕ ವಿಲೇವಾರಿ ಎಂದು ವರದಿ ತೋರಿಸುತ್ತದೆ. ಎರಡೂ ಅಂಕಿಗಳು ಸತ್ಯ. ಆದರೆ ಹತ್ತನೆಯ ಅರ್ಜಿದಾರರು ಅನುಭವಿಸಿದ 42 ದಿನಗಳು ಎರಡರಲ್ಲಿಯೂ ಇಲ್ಲ. ಆದ್ದರಿಂದ ಕಾಲಮಿತಿ ಮೀರಿ ಬಾಕಿ ಉಳಿದ ಅರ್ಜಿಗಳ ಕಲಮನ್ನು ಮೊದಲು ನೋಡುವುದು ಒಳಿತು.

ವಿಲೇವಾರಿ ಎಂದರೆ ಮಂಜೂರಾತಿ ಎಂದಲ್ಲ. ತಿರಸ್ಕೃತವಾದ ಅರ್ಜಿಯೂ ವಿಲೇವಾರಿಯಾದುದೆಂದೇ ಪರಿಗಣಿಸಲ್ಪಡುತ್ತದೆ. ಕಾಲಮಿತಿಯ ಕೊನೆಯ ದಿನಗಳಲ್ಲಿ ತಿರಸ್ಕಾರಗಳು ಹೆಚ್ಚಾಗಿದ್ದರೆ ಅದನ್ನು ಮೇಲಧಿಕಾರಿಗಳು ಪರಿಶೀಲಿಸಬೇಕಾದುದು ಅವಶ್ಯ. ತಿರಸ್ಕರಿಸುವಾಗ ಕಾರಣವನ್ನು ಲಿಖಿತವಾಗಿ ತಿಳಿಸತಕ್ಕದ್ದು.

ಮೇಲ್ಮನವಿ ಮತ್ತು ಪರಿಹಾರ ವೆಚ್ಚ

ಅರ್ಜಿಯು ತಿರಸ್ಕೃತವಾದಲ್ಲಿ ಅಥವಾ ಕಾಲಮಿತಿಯೊಳಗೆ ಸೇವೆ ದೊರೆಯದಿದ್ದಲ್ಲಿ 30 ದಿನಗಳೊಳಗೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಅಲ್ಲಿನ ಆದೇಶದಿಂದ ಬಾಧಿತರಾದವರಿಗೆ ಮೇಲ್ಮನವಿ ಪ್ರಾಧಿಕಾರವಿರುತ್ತದೆ. ಪ್ರತಿ ಸೇವೆಗೂ ಈ ಅಧಿಕಾರಿಗಳು ಯಾರೆಂಬುದನ್ನು ಮೊದಲೇ ಗೊತ್ತುಪಡಿಸಲಾಗಿರುವುದರಿಂದ ಅರ್ಜಿ ನೀಡಿದ ಕಚೇರಿಯಲ್ಲಿಯೇ ವಿಚಾರಿಸಿ ತಿಳಿಯಬಹುದು. ಮೇಲ್ಮನವಿಯೊಂದಿಗೆ ಜಿ.ಎಸ್.ಸಿ. ಸಂಖ್ಯೆಯಿರುವ ಸ್ವೀಕೃತಿಯ ಪ್ರತಿಯನ್ನು ಲಗತ್ತಿಸುವುದು.

ವಿಳಂಬವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿಗಳವರೆಗೆ ಪರಿಹಾರ ವೆಚ್ಚವನ್ನು ಕೋರಲು ಅರ್ಜಿದಾರರಿಗೆ ಹಕ್ಕಿದ್ದು, ಈ ಮೊತ್ತವನ್ನು ವಿಳಂಬಕ್ಕೆ ಹೊಣೆಯಾದ ಅಧಿಕಾರಿಯಿಂದ ವಸೂಲು ಮಾಡಲಾಗುತ್ತದೆ. ಅಂದರೆ 25 ದಿನಗಳ ನಂತರದ ವಿಳಂಬಕ್ಕೆ ಮೊತ್ತವು ಹೆಚ್ಚುವುದಿಲ್ಲ. ಹಂಗಾಮಿನ ನೋಂದಣಿಯನ್ನು ಕಾಯುತ್ತಿರುವವರು ಆವರೆಗೆ ಕಾಯದೆ ಕಾಲಮಿತಿ ಮುಗಿದ ಮರುದಿನವೇ ಮೇಲ್ಮನವಿ ಸಲ್ಲಿಸುವುದು ಲಾಭಕರ. ಕೊಬ್ಬರಿ ಖರೀದಿ ನೋಂದಣಿಯು ಬೆಂಬಲ ಬೆಲೆ ಯೋಜನೆಯ ಪ್ರಕ್ರಿಯೆಯಾಗಿದ್ದು, ಅದರ ವಿಚಾರಗಳನ್ನು ಖರೀದಿ ಕೇಂದ್ರದಲ್ಲಿ ಪ್ರತ್ಯೇಕವಾಗಿ ತಿಳಿಯತಕ್ಕದ್ದು.